ಕಾಣುವ ಹಕ್ಕು, ಕಾಣಿಕೆಯ ಋಣ

ನೋಡತಕ್ಕ ಸ್ಥಳವೊಂದಿದೆ ಎಂದು ತಿಳಿದೊಡನೆ ಅಲ್ಲಿಗೆ ಹೋಗಬೇಕೆಂದು ಮನಸ್ಸಾಗುವುದು ಮನುಷ್ಯಸಹಜ. ದಾರಿಯಿದ್ದರೆ, ಕಾಲಿನಲ್ಲಿ ಕಸುವಿದ್ದರೆ, ಕೈಯಲ್ಲಿ ನಾಲ್ಕು ಕಾಸಿದ್ದರೆ ಹೊರಟೇ ಬಿಡುತ್ತೇವೆ. ಹೋಗಬಹುದೇ ಎಂದು ವಿಚಾರಿಸುತ್ತೇವೆ. ಹೋಗಬೇಕೇ ಎಂದು ವಿಚಾರಿಸುವುದು ವಿರಳ. 'ಬಹುದು' ಮತ್ತು 'ಬೇಕು' ಎಂಬ ಎರಡು ಪದಗಳ ಅಂತರವನ್ನು ವ್ಯಾಕರಣದ ತರಗತಿಯಲ್ಲಿ ಹೇಳಿಕೊಡುವುದು ಸುಲಭ, ಬಾಳಿನಲ್ಲಿ ಕಲಿಯುವುದು ಕಷ್ಟ. ನಮ್ಮ ನೀಲಗಿರಿಯ ಒಂದು ಶಿಖರವನ್ನು ಮುಂದಿಟ್ಟುಕೊಂಡು ಈ ಅಂತರವನ್ನು ಕುರಿತು ಕೊಂಚ ಆಲೋಚಿಸುವುದು ಈ ಲೇಖನದ ಉದ್ದೇಶ.

ಆ ಶಿಖರದ ಹೆಸರು ಮುಕುರ್ತಿ. ನೀಲಗಿರಿ ಪೀಠಭೂಮಿಯ ಪಶ್ಚಿಮದ ಅಂಚಿನಲ್ಲಿ 2,554 ಮೀಟರ್ ಎತ್ತರಕ್ಕೆ ನಿಂತಿರುವ ಬಂಡೆಯ ಕೋಡು ಅದು. 2,637 ಮೀಟರಿನ ದೊಡ್ಡಬೆಟ್ಟವೂ 2,630 ಮೀಟರಿನ ಕೋಲಾರಿಬೆಟ್ಟವೂ ಅದಕ್ಕಿಂತ ಎತ್ತರವಾದವು. ಆದರೆ ಮುಕುರ್ತಿಯ ಹಿರಿಮೆ ಎತ್ತರದಲ್ಲಿಲ್ಲ, ಅದು ನಿಂತಿರುವ ನೆಲೆಯಲ್ಲಿದೆ. ಪೂರ್ವದಿಂದ ಬರುವವನಿಗೆ ಅದು ಹುಲ್ಲು ಹೊದ್ದ ಇಳಿಜಾರು; ತುದಿ ಮುಟ್ಟಿದೊಡನೆ ಪಶ್ಚಿಮಕ್ಕೆ ಕಡಿದಿಟ್ಟಂತಹ ಪ್ರಪಾತ. ಕೆಳಗೆ ಕೇರಳದ ನಿಲಂಬೂರಿನ ಕಾಡು ಹಸಿರು ಹಾಸಿನಂತೆ ಬಿದ್ದಿರುತ್ತದೆ. ಸುತ್ತಲಿನ ಸುಮಾರು 78 ಚದರ ಕಿಲೋಮೀಟರ್ ಪ್ರದೇಶವು ನೀಲಗಿರಿ ತಾರ್ ಎಂಬ ಕಾಡಾಡಿನ ರಕ್ಷಣೆಗಾಗಿ 1982ರಲ್ಲಿ ಅಭಯಾರಣ್ಯವಾಗಿ, 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟವನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿದಾಗ ಆ ಪಟ್ಟಿಯಲ್ಲಿ ಮುಕುರ್ತಿಯೂ ಸೇರಿತು.

ಹರೆಯದಲ್ಲಿ ಅಪ್ಪಣೆ ಪಡೆದು ಆ ಹಾದಿಯನ್ನು ತುಳಿದ ನಮಗೆ ಇಂದಿಗೂ ನೆನಪಿರುವುದು ಶಿಖರಕ್ಕಿಂತ ಹೆಚ್ಚಾಗಿ ದಾರಿ. ಪೋರ್ತಿಮಂದ್ ಜಲಾಶಯದ ಕಡೆಯ ಹುಲ್ಲುಗಾವಲು ಬರಿಯ ಹುಲ್ಲಿನಂತೆ ಕಂಡರೂ ಕಾಲಿಟ್ಟಾಗ ನೀರು ತುಂಬಿದ ಹಾಸಿಗೆಯಂತೆ ಕುಗ್ಗುತ್ತದೆ. ಚಳಿಗಾಲದ ಮುಂಜಾನೆ ಹುಲ್ಲಿನ ಮೇಲೆ ಉಪ್ಪು ಎರಚಿದಂತೆ ಹಿಮ ಬಿದ್ದಿರುತ್ತದೆ. ಗುಡ್ಡಗಳ ಮಡಿಲಿನಲ್ಲಿ, ತೊರೆ ಹುಟ್ಟುವೆಡೆಗಳಲ್ಲಿ ಮಾತ್ರ ಕುಳ್ಳು ಮರಗಳ ದಟ್ಟ ಶೋಲೆ. ಹಾವಸೆ ಮೆತ್ತಿದ ಆ ಮರಗಳು ಮಂಜಿನ ನೀರನ್ನು ಹೀರಿ, ಹಿಡಿದಿಟ್ಟು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ. ಹೀಗೆ ಹೊರಟ ನೀರು ಪೈಕಾರ ಹೊಳೆಯಾಗಿ, ಕೆಳಗಿಳಿದು ಮೋಯಾರೆನಿಸಿ, ಭವಾನಿಯನ್ನು ಸೇರಿ, ಅದರೊಡನೆ ಕಾವೇರಿಗೆ ಹೋಗುತ್ತದೆ. ಆ ಮೋಯಾರಿನ ಕಣಿವೆಯ ಆಚೆಯೇ ನಮ್ಮ ತಾಳವಾಡಿಯ ಸೀಮೆ. ಬೆಟ್ಟವನ್ನು ಎಂದೂ ಕಾಣದ ರೈತನ ಗದ್ದೆಗೂ ಬೆಟ್ಟ ತಲುಪಿರುತ್ತದೆ ಎಂಬುದನ್ನು ಮರೆಯಬಾರದು.

ಕೊನೆಯ ಏರು ಕಡಿದು. ಅಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ತುದಿಯಲ್ಲಿ ಪಶ್ಚಿಮದ ಗಾಳಿ ಎದೆಗೆ ಬಡಿಯುತ್ತದೆ. ಅದೃಷ್ಟವಿದ್ದರೆ ಬಂಡೆಯ ಸೆರಗಿನಲ್ಲಿ ತಾರ್‌ಗಳ ಹಿಂಡು ಕಂಡೀತು. ನಮ್ಮ ಕಾಲು ನಡುಗುವ ಅಂಚಿನಲ್ಲಿ ಅವುಗಳ ಮರಿಗಳು ಆಡುತ್ತವೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಮಂಜು ಮೇಲೇರಿ ಬಂತೆಂದರೆ ಕ್ಷಣಮಾತ್ರದಲ್ಲಿ ಎಲ್ಲವೂ ಮಾಯ. ಅಷ್ಟು ದೂರ ನಡೆದು ಏನನ್ನೂ ಕಾಣದೆ ಹಿಂದಿರುಗಿದವರೂ ಉಂಟು. ಅವರಿಗೆ ಬೆಟ್ಟ ಮೋಸ ಮಾಡಿತೆನ್ನಲಾಗದು. ತೋರಿಸುತ್ತೇನೆಂದು ಅದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಈ ಅಂಚನ್ನು ಯಾರು ಯಾರು ಯಾವ ಕಣ್ಣಿನಿಂದ ನೋಡಿದರು ಎಂಬುದೇ ನೀಲಗಿರಿಯ ಚರಿತ್ರೆ. ಮೊದಲಿಗರು ತೋಡರು. ಸತ್ತವರ ಲೋಕ ಪಶ್ಚಿಮದಲ್ಲಿದೆ ಎಂಬುದು ಅವರ ನಂಬಿಕೆ. ಶವಸಂಸ್ಕಾರದಲ್ಲಿ ಬಲಿಯಾದ ಎಮ್ಮೆಗಳೊಡನೆ ಸತ್ತವರ ಆತ್ಮಗಳು ಮುಕುರ್ತಿಯ ಅಂಚಿನಿಂದ ಆ ಲೋಕಕ್ಕೆ ಹಾರುತ್ತವೆ ಎಂದು ಅವರು ನಂಬುವುದಾಗಿ ಬ್ರಿಟಿಷರ ಕಾಲದ ಬರಹಗಳು ದಾಖಲಿಸಿವೆ. ತೋಡರಿಗೆ ಅದು ನೋಟದ ಜಾಗವಾಗಿರಲಿಲ್ಲ, ಬಾಳಿನ ಹೊಸ್ತಿಲಾಗಿತ್ತು. ಬಲಗೈಯನ್ನು ಮುಖದವರೆಗೆ ತಂದು ವಂದಿಸುವುದು ಅವರ ಪದ್ಧತಿ. ಇನ್ನೊಂದು ಐತಿಹ್ಯದಂತೆ ಇದು ಲಕ್ಷ್ಮಣನು ಮೂಗು ಕೊಯ್ದ ಶೂರ್ಪನಖಿಯ ಕುರುಹು. 'ಮೂಗು ಕತ್ತರಿಸಿದ' ಎಂಬರ್ಥದಿಂದಲೇ ಈ ಹೆಸರು ಬಂತೆಂದು ಹೇಳುವವರಿದ್ದಾರೆ.

ನಂತರ ಬಂದದ್ದು ಬೇರೆ ಕಣ್ಣು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಈ ಬೆಟ್ಟಗಳನ್ನು ಏರಿದ ಮೇಲೆ ನೀಲಗಿರಿ ಬಿಳಿಯರ ತಂಗುದಾಣವಾಯಿತು. ಬೇಟೆಗಾರನಿಗೆ ಈ ಅಂಚು ತಾರ್ ಸಿಕ್ಕುವ ಸ್ಥಳವಾಗಿ ಕಂಡಿತು. ಬೇಟೆ ಮಿತಿಮೀರಿ ಪ್ರಾಣಿಗಳೇ ಇಲ್ಲವಾಗುವ ಭಯ ಹುಟ್ಟಿದಾಗ 1879ರಲ್ಲಿ ನೀಲಗಿರಿಗಾಗಿಯೇ ಬೇಟೆ ಮತ್ತು ಮೀನುಗಳ ಸಂರಕ್ಷಣಾ ಕಾಯಿದೆ ಬಂತು. ಮರ ನೆಡುವವನಿಗೆ ಹುಲ್ಲುಗಾವಲು ಪಾಳುಭೂಮಿಯಾಗಿ ಕಂಡಿತು. ಆಸ್ಟ್ರೇಲಿಯದಿಂದ ತಂದ ವ್ಯಾಟಲ್, ಯೂಕಲಿಪ್ಟಸ್ ಗಿಡಗಳನ್ನು ಸೌದೆಗೆಂದು ನೆಟ್ಟರು. ಸ್ವಾತಂತ್ರ್ಯಾನಂತರ ನಮ್ಮ ಸರ್ಕಾರಗಳೂ ಚರ್ಮ ಹದ ಮಾಡುವ ತೊಗಟೆಗೆಂದೂ ಕೃತಕ ನೂಲಿಗೆಂದೂ ಅದನ್ನೇ ಮುಂದುವರಿಸಿದವು. ತೋಡರ ಎಮ್ಮೆಗಳ ಮೇವಿನ ನೆಲ ಹೀಗೆ ತೋಪುಗಳ ಪಾಲಾಯಿತು. ವಿಪರ್ಯಾಸವೆಂದರೆ, ಈ ಬೆಟ್ಟಕ್ಕೆ ಎಲ್ಲಿಂದಲೋ ಬಂದ ಆ ಮರವನ್ನೇ ನಾವು ಕನ್ನಡಿಗರು 'ನೀಲಗಿರಿ' ಎಂದು ಕರೆಯುತ್ತೇವೆ. ಎಂಜಿನಿಯರನಿಗೆ ಹೊಳೆ ವಿದ್ಯುತ್ತಾಗಿ ಕಂಡಿತು. 1932ರಲ್ಲಿ ಪೈಕಾರ ವಿದ್ಯುದಾಗಾರ ಕೆಲಸ ಮಾಡತೊಡಗಿತು.

ಇವರಲ್ಲಿ ಯಾರೂ ದುಷ್ಟರಾಗಿರಬೇಕಾಗಿಲ್ಲ. ವಿದ್ಯುತ್ ನಮಗೂ ಬೇಕು, ಸೌದೆ ನಮಗೂ ಬೇಕಿತ್ತು. ಪ್ರತಿಯೊಬ್ಬನೂ ತನಗೆ ಬೇಕಾದುದನ್ನು ಮಾತ್ರ ಕಂಡನು, ಕಂಡುದನ್ನು ಕೊಂಡೊಯ್ದನು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಮಾತು. ಇಂದಿನ ಪ್ರವಾಸಿ ಈ ಸಾಲಿನ ಕೊನೆಯವನು. ಆತ ಬಂದೂಕು ತರುವುದಿಲ್ಲ, ಗಿಡ ನೆಡುವುದಿಲ್ಲ, ಅಣೆಕಟ್ಟು ಕಟ್ಟುವುದಿಲ್ಲ. ನೋಡುವುದಕ್ಕಾಗಿ ಮಾತ್ರ ಬರುತ್ತಾನೆ. ನೋಟದಿಂದ ಏನು ನಷ್ಟ ಎಂದು ಕೇಳುತ್ತಾನೆ. ಒಬ್ಬನ ನೋಟದಿಂದ ನಷ್ಟವಿಲ್ಲ ನಿಜ. ಆದರೆ ಹತ್ತು ಸಾವಿರ ಜನರ ಹೆಜ್ಜೆಯ ಕೆಳಗೆ ಆ ಮೆತ್ತನೆಯ ಹುಲ್ಲು ಉಳಿಯದು. ಮರಿ ಹಾಕಿದ ತಾರ್ ಜನರ ಗದ್ದಲಕ್ಕೆ ಆ ಬಂಡೆಯನ್ನೇ ಬಿಟ್ಟು ಹೋದೀತು. ಕೇರಳ, ತಮಿಳುನಾಡುಗಳೆರಡೂ ಒಟ್ಟಾಗಿ 2025ರಲ್ಲಿ ಎಣಿಸಿದಾಗ ಸಿಕ್ಕ ತಾರ್‌ಗಳ ಸಂಖ್ಯೆ ಮೂರು ಸಾವಿರವನ್ನು ಮುಟ್ಟಲಿಲ್ಲ. ಇಡೀ ಲೋಕದಲ್ಲಿ ಈ ಜೀವಿ ಇರುವುದು ಈ ಘಟ್ಟಗಳಲ್ಲಿ ಮಾತ್ರ.

ಆದುದರಿಂದ ಸರ್ಕಾರ ಬಾಗಿಲು ಬಿಗಿ ಮಾಡಿದೆ. ಮುಕುರ್ತಿಯ ಕಾಡಿನೊಳಗೆ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. 2018ರ ಮಾರ್ಚಿಯಲ್ಲಿ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಜನ ಮೃತರಾದ ಮೇಲೆ ತಮಿಳುನಾಡಿನಲ್ಲಿ ಚಾರಣದ ನಿಯಮಗಳು ಕಠಿಣವಾದವು. 2024ರಿಂದ ಗೊತ್ತಾದ ಕೆಲವು ಹಾದಿಗಳಲ್ಲಿ ಮಾತ್ರ, ಮುಂಗಡ ನೋಂದಣಿಯೊಡನೆ, ಮಾರ್ಗದರ್ಶಿಗಳ ಜೊತೆಯಲ್ಲಿ ಹೋಗುವ ವ್ಯವಸ್ಥೆಯಾಗಿದೆ. ಅದೇ ವರ್ಷ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬಂತು. ಗುಂಡ್ಲುಪೇಟೆಯಿಂದಲೋ ಮೈಸೂರಿನಿಂದಲೋ ಮದುವೆಗೆ ಬರುವ ನಮ್ಮ ನಂಟರು ಪಾಸಿಗಾಗಿ ಪಾಡುಪಡುವುದನ್ನು ಸಂಘದ ಸದಸ್ಯರೆಲ್ಲ ಬಲ್ಲರು.

ತರಗತಿಯಲ್ಲಿ ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಬೆಟ್ಟ ಎಲ್ಲರದೂ ಅಂತ ಪುಸ್ತಕದಲ್ಲಿದೆ. ಎಲ್ಲರದೂ ಆದರೆ ನಾವು ಯಾರನ್ನ ಅಪ್ಪಣೆ ಕೇಳಬೇಕು?" ಎಂದಿದ್ದನು. ಹುಡುಗನ ಪ್ರಶ್ನೆಯೆಂದು ತಳ್ಳಿಹಾಕುವಂತಹುದಲ್ಲ. ಎಲ್ಲರಿಗೂ ಸೇರಿದ್ದರಿಂದ ಒಬ್ಬೊಬ್ಬರನ್ನು ದೂರವಿಡುವುದು ನ್ಯಾಯವೇ ಎಂಬುದೇ ಅದರ ತಿರುಳು. ಬಾಗಿಲು ತೆರೆಯಿರಿ ಎನ್ನುವವರ ವಾದವನ್ನು ಅದರ ಪೂರ್ಣಬಲದೊಡನೆ ಮೊದಲು ಕೇಳೋಣ.

ಅವರ ಮೊದಲ ಮಾತು: ಕಾಣದುದನ್ನು ಯಾರೂ ಪ್ರೀತಿಸರು. ಕಾಡನ್ನು ಕಂಡರಿಯದ ಮಗು ನಾಳೆ ಕಾಡಿಗಾಗಿ ದನಿಯೆತ್ತುವುದೇ? ಎರಡನೆಯದು: ಶುಲ್ಕ, ನೋಂದಣಿ, ಇಂಟರ್ನೆಟ್ ಎಂದರೆ ಬಾಗಿಲು ಬಡವನಿಗೆ ಮುಚ್ಚಿ ಉಳ್ಳವನಿಗೆ ತೆರೆಯುತ್ತದೆ, ದೊಡ್ಡವರ ಚೀಟಿ ಹಿಡಿದು ಬಂದವನಿಗಂತೂ ಅದು ಎಂದೂ ಮುಚ್ಚಿರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ತೀಕ್ಷ್ಣ: ಹುಲ್ಲುಗಾವಲನ್ನು ಕೆಡಿಸಿದ್ದು ಸರ್ಕಾರ, ಕಾವಲಿಗೆ ನಿಂತಿರುವುದೂ ಸರ್ಕಾರ. ಕೆಡಿಸದೆ ಉಳಿಸಿಕೊಂಡು ಬಂದ ತೋಡರು ತಮ್ಮದೇ ಬೆಟ್ಟದ ಹಾದಿಗೆ ಇನ್ನೊಬ್ಬರ ಅಪ್ಪಣೆಗಾಗಿ ಕಾಯಬೇಕೆಂದರೆ ಅದು ಎಂತಹ ನ್ಯಾಯ?

ಕೊನೆಯ ಮಾತಿನಿಂದ ಆರಂಭಿಸೋಣ, ಏಕೆಂದರೆ ಅದು ನಿಜ. ಬೆಟ್ಟದೊಡನೆ ಬಾಳಿದವನ ಹಕ್ಕೂ ಬೆಟ್ಟವನ್ನು ನೋಡಬಂದವನ ಹಕ್ಕೂ ಒಂದೇ ಜಾತಿಯವಲ್ಲ. ದೇವಸ್ಥಾನದಲ್ಲಿ ಪೂಜೆಗೆ ನಿಂತವನನ್ನೂ ಶಿಲ್ಪ ನೋಡಲು ಬಂದವನನ್ನೂ ಒಂದೇ ಹಗ್ಗದಿಂದ ತಡೆಯುವುದು ಅವಿವೇಕ. 2006ರ ಅರಣ್ಯ ಹಕ್ಕು ಕಾಯಿದೆ ಈ ಭೇದವನ್ನು ಒಪ್ಪಿಕೊಂಡಿದೆ. ಪ್ರವಾಸಿಯೊಡನೆ ತೋಡರನ್ನೂ ಹೊರಗಿಡುವ ಬಾಗಿಲು ಅನ್ಯಾಯದ ಬಾಗಿಲೇ ಸರಿ. ಆದರೆ ತೋಡರಿಗಾದ ಅನ್ಯಾಯ ನಮ್ಮ ವಿಹಾರಕ್ಕೆ ಪರವಾನಗಿಯಾಗದು. ಅವರ ನೋವನ್ನು ನಮ್ಮ ಅನುಕೂಲದ ವಾದಕ್ಕೆ ಬಳಸಿಕೊಳ್ಳುವುದು ಇನ್ನೊಂದು ಬಗೆಯ ಕೊಳ್ಳೆ.

ಎರಡನೆಯ ಮಾತಿಗೆ ಉತ್ತರ ಸರಳ. ನ್ಯಾಯಬೆಲೆ ಅಂಗಡಿಯಲ್ಲಿ ಮೋಸ ನಡೆದರೆ ಅಂಗಡಿಯನ್ನು ಸರಿಪಡಿಸಬೇಕು. ಮೂಟೆಗಳನ್ನು ಬೀದಿಗೆ ಸುರಿದು ಸಿಕ್ಕವರು ಬಾಚಿಕೊಳ್ಳಿ ಎನ್ನುವುದರಿಂದ ಬಡವನಿಗೆ ಅಕ್ಕಿ ಸಿಗದು. ಸರ್ಕಾರಿ ಶಾಲೆಯ ಮಕ್ಕಳಿಗೆ ಶುಲ್ಕವಿಲ್ಲದ ಕೆಲವು ದಿನಗಳಿರಲಿ, ಸರದಿಯಲ್ಲಿ ಎಲ್ಲರೂ ಸಮಾನರಾಗಿರಲಿ. ನಡೆಯಲಾರದ ವೃದ್ಧರಿಗೂ ಅಶಕ್ತರಿಗೂ ಏನು ಗತಿ ಎಂದರೆ, ದೊಡ್ಡಬೆಟ್ಟವಿದೆ. ಅದರ ತಲೆಯವರೆಗೆ ರಸ್ತೆಯಿದೆ, ಮೇಲೆ ದೂರದರ್ಶಕವಿದೆ. ಒಂದು ಬೆಟ್ಟವನ್ನು ಎಲ್ಲರಿಗೂ ಕೊಟ್ಟಿರುವಾಗ ಇನ್ನೊಂದನ್ನು ಅದರ ಪಾಡಿಗೆ ಬಿಡುವುದು ಜಿಪುಣತನವಲ್ಲ. ಎಲ್ಲ ಬೆಟ್ಟಗಳೂ ದೊಡ್ಡಬೆಟ್ಟವಾದ ದಿನ ನೀಲಗಿರಿಯಲ್ಲಿ ಕಾಣತಕ್ಕದ್ದೇ ಉಳಿಯದು.

ಮೊದಲನೆಯ ಮಾತು ಕೇಳಲು ಬಹಳ ಚೆನ್ನಾಗಿದೆ. ಆದರೆ ನಮ್ಮ ಅನುಭವ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಕೈಲಾಸವನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ಕಾಣದೆಯೇ ಅದನ್ನು ಪೂಜಿಸಿದ ತಲೆಮಾರುಗಳೆಷ್ಟು? ಅಲ್ಲಿಯವರೆಗೆ ಹೋದವರೂ ಪ್ರದಕ್ಷಿಣೆ ಬಂದು ಹಿಂದಿರುಗುತ್ತಾರೆಯೇ ಹೊರತು ತುದಿಯನ್ನು ಏರುವುದಿಲ್ಲ. ಇನ್ನೊಂದು ಉದಾಹರಣೆ ನಮ್ಮ ಕಾಲಕ್ಕೆ ಹತ್ತಿರದ್ದು. 1955ರಲ್ಲಿ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಎಂಬ ಬ್ರಿಟಿಷ್ ಆರೋಹಿಗಳು ಲೋಕದ ಮೂರನೆಯ ಅತ್ಯುನ್ನತ ಶಿಖರವಾದ ಕಾಂಚನಜುಂಗಾವನ್ನು ಮೊತ್ತಮೊದಲಿಗೆ ಏರಿದರು. ಅದು ಸಿಕ್ಕಿಮಿನ ಜನರಿಗೆ ಪವಿತ್ರವಾದ ಪರ್ವತ. ತುದಿಯನ್ನು ಮೆಟ್ಟುವುದಿಲ್ಲವೆಂದು ಅಲ್ಲಿನ ಅರಸರಿಗೆ ಮಾತು ಕೊಡಲಾಗಿತ್ತು. ಆರೋಹಿಗಳು ಕೆಲವೇ ಅಡಿಗಳ ಕೆಳಗೆ ನಿಂತು ಹಿಂದಿರುಗಿದರು. ಅವರನ್ನು ತಡೆಯಲು ಅಲ್ಲಿ ಕಾವಲುಗಾರನಿರಲಿಲ್ಲ, ನೋಡಲು ಬೇರೊಬ್ಬ ಮನುಷ್ಯನಿರಲಿಲ್ಲ. ಆದರೂ ಶಿಖರ ಅವರದಾಗದೆ ಉಳಿಯಿತೆಂದು ಯಾರಾದರೂ ಹೇಳುತ್ತಾರೆಯೇ? ಆ ಕೆಲವು ಅಡಿಗಳೇ ಅವರ ಏರಿಕೆಯ ಅತ್ಯುನ್ನತ ಭಾಗವೆಂದು ನಮಗೆ ತೋರುತ್ತದೆ.

ಇಲ್ಲಿ ಕನ್ನಡ ಭಾಷೆಯೇ ನಮಗೆ ದಾರಿ ತೋರುತ್ತದೆ. ನಮ್ಮಲ್ಲಿ 'ನೋಡು' ಎಂಬ ಪದವಿದೆ, 'ಕಾಣು' ಎಂಬ ಪದವೂ ಇದೆ. ಸಂತೆಯನ್ನು ನೋಡುತ್ತೇವೆ, ಗುರುಹಿರಿಯರನ್ನು 'ಕಂಡು ಬರುತ್ತೇವೆ'. ನೋಡುವುದಕ್ಕೆ ಕಣ್ಣಿದ್ದರೆ ಸಾಕು. ಕಾಣುವುದರಲ್ಲಿ ಎದುರಿಗಿರುವವನ ಸಮ್ಮತಿಯೂ ಸೇರಿರುತ್ತದೆ. ಹೊತ್ತು ನೋಡಿ ಹೋಗಬೇಕು, ಬಾಗಿಲಲ್ಲಿ ನಿಲ್ಲಬೇಕು, 'ಈಗ ಆಗದು' ಎಂದರೆ ಬೇಸರಿಸದೆ ಹಿಂದಿರುಗಬೇಕು. ಆ 'ಕಾಣು' ಎಂಬ ಧಾತುವಿನಿಂದಲೇ 'ಕಾಣಿಕೆ' ಎಂಬ ಪದ ಹುಟ್ಟಿದೆ. ಕಾಣಲು ಹೋಗುವವನು ಬರಿಗೈಯಲ್ಲಿ ಹೋಗಬಾರದೆಂಬುದು ಈ ಮಾತನ್ನು ಕಟ್ಟಿದ ಜನರ ವಿವೇಕ. ಮಗುವನ್ನು ನೋಡಲು ಹೋದರೂ, ಕಾಯಿಲೆಯವರನ್ನು ನೋಡಲು ಹೋದರೂ ನಾಲ್ಕು ಹಣ್ಣು ಹಿಡಿದು ಹೋಗುವವರು ನಾವು. ಬೆಟ್ಟವನ್ನು ಕಾಣಲು ಹೋಗುವಾಗ ಮಾತ್ರ ಖಾಲಿ ಕೈಯಲ್ಲಿ ಹೋಗಿ, ತುಂಬಿದ ಮೊಬೈಲಿನೊಡನೆ ಬರುವುದು ನಮ್ಮ ಸಂಸ್ಕಾರಕ್ಕೆ ಒಪ್ಪುವುದೇ?

ಹಾಗಾದರೆ ಬೆಟ್ಟಕ್ಕೆ ಕೊಡತಕ್ಕ ಕಾಣಿಕೆ ಯಾವುದು? ಹೂವು ಹಣ್ಣುಗಳಿಂದ ಅದಕ್ಕೆ ಆಗಬೇಕಾದುದಿಲ್ಲ. ಅವನ್ನು ಹಾಕಿದ ಪ್ಲಾಸ್ಟಿಕ್ ಚೀಲದಿಂದಂತೂ ಕೇಡೇ. ಬೆಟ್ಟಕ್ಕೆ ನಾವು ಕೊಡಬಲ್ಲ ಕಾಣಿಕೆ ನಮ್ಮ ಸಂಯಮ ಒಂದೇ. ಮೂರು ಸಲ ಹೋಗಬಲ್ಲವನು ಒಂದು ಸಲ ಹೋದರೆ, ಬಿಟ್ಟ ಎರಡು ಸಲ ಕಾಣಿಕೆ. ದಾರಿ ಬಿಟ್ಟು ಹೆಜ್ಜೆಯಿಡದಿರುವುದು ಕಾಣಿಕೆ. ಕೂಗಬಹುದಾದ ಕಡೆ ಕೂಗದಿರುವುದು ಕಾಣಿಕೆ. ಬೇಸಿಗೆಯ ಕಿಚ್ಚಿನ ದಿನಗಳಲ್ಲಿ ಚಾರಣ ನಿಲ್ಲಿಸಿದ್ದಾರೆಂದರೆ ಗೊಣಗದೆ ಮನೆಯಲ್ಲಿರುವುದು ಕಾಣಿಕೆ. ಹಕ್ಕಿದ್ದವನು ಹಕ್ಕನ್ನು ಪೂರ್ತಿ ಬಳಸದೆ ಉಳಿಸುವ ಭಾಗವೇ ಕಾಣಿಕೆ. ಹಕ್ಕಿಲ್ಲದವನು ಬಿಡುವುದು ಕಾಣಿಕೆಯಾಗದು. ಆದುದರಿಂದ ಹಕ್ಕೂ ಇರಬೇಕು, ಕಾಣಿಕೆಯೂ ಇರಬೇಕು. ಬೆಟ್ಟ ಎಲ್ಲರದೂ ಎಂಬ ಪುಸ್ತಕದ ಮಾತು ಸುಳ್ಳಲ್ಲ. ಆ 'ಎಲ್ಲರ'ಲ್ಲಿ ತಾರ್ ಇದೆ, ತೋಡರಿದ್ದಾರೆ, ಮೋಯಾರಿನ ಕೆಳಗಿನ ರೈತನಿದ್ದಾನೆ, ಇನ್ನೂ ಹುಟ್ಟದ ಮಗುವಿದೆ. ಅಪ್ಪಣೆ ಕೇಳುವುದೆಂದರೆ ಇವರೆಲ್ಲರನ್ನೂ ಕೇಳುವುದು. ಕಾವಲಿನವನು ಅವರ ಪರವಾಗಿ ನಿಂತ ಪ್ರತಿನಿಧಿ ಮಾತ್ರ. ಆ ಹುಡುಗನಿಗೆ ಅಂದು ನಾವು ಕೊಟ್ಟ ಉತ್ತರವೂ ಇದೇ ಆಗಿತ್ತು.

ಈ ಮಾತು ಗಡಿನಾಡ ಕನ್ನಡಿಗರಿಗೆ ಇತರರಿಗಿಂತ ಬೇಗ ಅರ್ಥವಾಗಬೇಕು. ದೊಡ್ಡಬೆಟ್ಟ, ಕೋಲಾರಿಬೆಟ್ಟ, ದೇವರಬೆಟ್ಟ ಎಂಬ ಹೆಸರುಗಳನ್ನು ಕೇಳಿದಾಗ ನಮ್ಮ ಎದೆ ಉಬ್ಬುತ್ತದೆ. ನಮ್ಮ ನುಡಿಗೆ ಒಡಹುಟ್ಟಿನಂತಿರುವ ಬಡಗರ ನುಡಿ ಈ ನೆಲದ ಮೇಲೆ ಬಿಟ್ಟ ಗುರುತು ಅದು. ಆದರೆ ಅವಕ್ಕೂ ಮೊದಲು ತೋಡರ ಹೆಸರುಗಳಿದ್ದವು. ಪೋರ್ತಿಮಂದ್, ಉದಕಮಂಡಲಗಳಲ್ಲಿ ಇಂದಿಗೂ ಅವರ 'ಮಂದು' ಕೇಳಿಸುತ್ತದೆ. ಹೆಸರಿಟ್ಟ ಮಾತ್ರಕ್ಕೆ ನೆಲ ನಮ್ಮದಾಗದು ಎಂಬುದನ್ನು ಈ ಹೆಸರುಗಳೇ ಹೇಳುತ್ತವೆ. 1956ರಲ್ಲಿ ರಾಜ್ಯಗಳ ಗಡಿ ಗೀಚಿದ ಮೇಲೆ ನಾವು ಈಚೆಗೆ ಉಳಿದವರು. ನಮಗೆ ಸಂವಿಧಾನ ಕೊಟ್ಟ ಹಕ್ಕುಗಳಿವೆ. ಅವುಗಳಿಗಾಗಿ ನಮ್ಮ ಹಿರಿಯರು ಅರ್ಜಿ ಹಿಡಿದು ಅಲೆದಿದ್ದಾರೆ. ಆದರೂ ಇಷ್ಟು ವರ್ಷ ನಾವಿಲ್ಲಿ ನೆಮ್ಮದಿಯಿಂದ ಬಾಳಿದ್ದು ಹಕ್ಕುಗಳ ಬಲದಿಂದ ಮಾತ್ರವೇ? ನೆರೆಯ ತಮಿಳರ, ಮಲಯಾಳಿಗಳ, ಬಡಗರ ಮನೆಯ ಹೊತ್ತು ಗೊತ್ತುಗಳನ್ನು ತಿಳಿದು ನಡೆದುದರಿಂದ, ಅವರೂ ನಮ್ಮದನ್ನು ತಿಳಿದು ನಡೆದುದರಿಂದ. ಹಕ್ಕಿರುವ ಕಡೆಯಲ್ಲಿಯೂ ಅನುಮತಿ ಕೇಳಿ ಒಳಬರುವ ಈ ಸೌಜನ್ಯವನ್ನು ಮನುಷ್ಯರ ನಡುವೆ ಕಲಿತವರಿಗೆ ಬೆಟ್ಟದ ಮುಂದೆ ಅದನ್ನು ತೋರುವುದು ಹೊಸ ಪಾಠವಲ್ಲ.

ಮುಕುರ್ತಿಯ ತುದಿಯಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಆರಂಭವಾಗುತ್ತದೆ. ಅಲ್ಲಿ ಯಾವ ಗೆರೆಯೂ ಕಾಣದು. ಕಾಣುವುದು ಮನುಷ್ಯನ ಹೆಜ್ಜೆ ಮುಗಿಯುವ ಗೆರೆ ಮಾತ್ರ. ಮುಂದೆ ಗಾಳಿ, ಮಂಜು, ತಾರ್‌ಗಳ ಗೊರಸು ಮಾತ್ರ ನಡೆಯಬಲ್ಲ ನೆಲ. ನಮ್ಮ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳಗಳು ಜಗತ್ತಿನಲ್ಲಿ ಕಡಿಮೆಯಾಗುತ್ತಿವೆ. ಅಂತಹ ಸ್ಥಳ ಉಳಿಯಬೇಕಾದುದು ಅದರ ಹಿತಕ್ಕಾಗಿ ಎಷ್ಟೋ, ನಮ್ಮ ಹಿತಕ್ಕಾಗಿಯೂ ಅಷ್ಟೇ.

ಸಂಘದ ತರುಣರಲ್ಲಿ ಹಲವರಿಗೆ ಚಾರಣದ ಹವ್ಯಾಸವಿದೆ. ಅದು ಒಳ್ಳೆಯ ಹವ್ಯಾಸ. ಅವರು ಹೋಗಬಾರದೆಂದು ನಾವು ಹೇಳುವುದಿಲ್ಲ. ಸರದಿಯಲ್ಲಿ ನಿಂತು, ಅಪ್ಪಣೆ ಪಡೆದು, ಸಣ್ಣ ಗುಂಪಿನಲ್ಲಿ, ಬಲ್ಲವರ ಜೊತೆ ಹೋಗಿ ಬರಲಿ. ಮಂಜು ಕವಿದು ಏನೂ ಕಾಣದಿದ್ದರೆ ಅದನ್ನೂ ಬೆಟ್ಟದ ಉತ್ತರವೆಂದು ಸ್ವೀಕರಿಸಲಿ. ಬಂದ ಮೇಲೆ ಒಂದು ಸಂಜೆ ಸಂಘದ ಮನೆಯಲ್ಲಿ ಹಿರಿಯರ ನಡುವೆ ಕುಳಿತು, ಕಂಡುದನ್ನು ಒಳ್ಳೆಯ ಕನ್ನಡದಲ್ಲಿ ಹೇಳಲಿ: ಹುಲ್ಲು ಹೇಗಿತ್ತು, ನೀರು ಎಲ್ಲಿ ಹುಟ್ಟುತ್ತಿತ್ತು, ವ್ಯಾಟಲ್ ಕಿತ್ತ ಜಾಗದಲ್ಲಿ ಹುಲ್ಲು ಮರಳಿತೇ, ತಾರ್‌ಗಳ ಹಿಂಡಿನಲ್ಲಿ ಮರಿಗಳೆಷ್ಟಿದ್ದವು ಎಂದು. ಮೊಣಕಾಲು ಸೋತ ನಮ್ಮಂಥವರು ಅಷ್ಟನ್ನು ಕೇಳಿ ತೃಪ್ತರಾಗುತ್ತೇವೆ. ಒಬ್ಬನು ನಡೆದು ಹತ್ತು ಜನ ಕಾಣುವ ಈ ವಿಧಾನದಲ್ಲಿ ಬೆಟ್ಟದ ಮೇಲೆ ಬೀಳುವ ಭಾರ ಒಬ್ಬನದು ಮಾತ್ರ.